ಹಡಗಿನ ಊಟಕ್ಕೆ ಮಾವನ ಕೋಟು

ಕಾಫಿಗೆ ಬೆಲೆ ಬಂದ ವರ್ಷ ನಮ್ಮ ಕಡೆಯವರು ಮೊದಲು ಸಾಲ ತೀರಿಸುತ್ತಾರೆ, ಆಮೇಲೆ ಮನೆಗೆ ಸುಣ್ಣಬಣ್ಣ ಮಾಡಿಸುತ್ತಾರೆ, ಕೈಯಲ್ಲಿ ಮಿಕ್ಕಿದರೆ ಊರು ಬಿಟ್ಟು ಹೊರಡುತ್ತಾರೆ. 2024ರ ಏಪ್ರಿಲ್ ಹೊತ್ತಿಗೆ ರೊಬಸ್ಟಾ ಚೆರ್ರಿ 50 ಕೆ.ಜಿ. ಮೂಟೆಗೆ ಹತ್ತು ಸಾವಿರ ರೂಪಾಯಿ ದಾಟಿದ ಮೇಲೆ ವಸ್ತಾರೆ, ಆಲ್ದೂರು, ಮೂಡಿಗೆರೆ, ಕಳಸದ ಮನೆಗಳಲ್ಲಿ ಹಿಂದೆ ಕೇಳಿರದ ಮಾತುಗಳು ಶುರುವಾದವು. ಕಾಶಿ, ರಾಮೇಶ್ವರದ ಜೊತೆಗೆ ಸಿಂಗಪುರ, ದುಬೈ ಸೇರಿದವು. ಈಗ ಹಡಗೂ ಸೇರಿದೆ. 2021ರಿಂದ ಮುಂಬೈ, ಗೋವಾ, ಲಕ್ಷದ್ವೀಪ, ಕೊಚ್ಚಿಗಳ ನಡುವೆ ಪ್ರವಾಸಿ ಹಡಗು ಓಡಾಡುತ್ತಿರುವುದರಿಂದ ಪಾಸ್‌ಪೋರ್ಟ್ ಇಲ್ಲದವರಿಗೂ ಇದು ಎಟುಕುವ ಮಾತಾಗಿದೆ. ನಾವು ಹೋಗಿಬಂದ ಮೇಲೆ ಮದುವೆ, ಗೃಹಪ್ರವೇಶ ಎಲ್ಲಿಗೆ ಹೋದರೂ ಹೆಂಗಸರು ಪಕ್ಕಕ್ಕೆ ಕರೆದು ಕೇಳುವುದು ಸಮುದ್ರದ ವಿಚಾರವನ್ನಲ್ಲ. "ರಾತ್ರಿ ಊಟಕ್ಕೆ ಕೋಟು-ಟೈ ಇಲ್ದಿದ್ರೆ ಒಳಗೆ ಬಿಡಲ್ವಂತೆ, ಹೌದೇನೇ? ನಮ್ಮನೆಯವರು ಜನ್ಮದಲ್ಲಿ ಟೈ ಕಟ್ಟಿದವರಲ್ಲ" ಎನ್ನುತ್ತಾರೆ.

ಈ ಆತಂಕ ಸಣ್ಣದೆಂದು ನಾನು ತಿಳಿದಿಲ್ಲ. ಊಟದ ಮನೆಯ ಬಾಗಿಲಲ್ಲಿ ಒಬ್ಬ ಮನುಷ್ಯನನ್ನು ಅವನ ಬಟ್ಟೆ ನೋಡಿ ನಿಲ್ಲಿಸಿದರೆ ಆಗುವ ನೋವು ಬೇರೆ ಯಾವ ಬಾಗಿಲಲ್ಲಿ ನಿಲ್ಲಿಸಿದಾಗಲೂ ಆಗುವುದಿಲ್ಲ. ಆದ್ದರಿಂದ ನಾವು ಏನು ಉಟ್ಟೆವು, ಏಕೆ ಉಟ್ಟೆವು ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ.

ಹೊರಟಿದ್ದು ನಾನು, ನಮ್ಮವರು ಮತ್ತು ಅತ್ತೆ. ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿ ಮೂಟೆ ಸೇರಿ, ಹೂಮಳೆಗೆ ಆಕಾಶ ನೋಡುವುದಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗಿನ ಬಿಡುವು ಅದು. ಟಿಕೆಟ್ ಮಾಡಿಸಿದ್ದು ಬೆಂಗಳೂರಿನಲ್ಲಿರುವ ಮಗ. ಏನೇನು ತರಬೇಕೆಂಬ ಪಟ್ಟಿಯೊಂದನ್ನು ಫೋನಿಗೆ ಕಳಿಸಿದ್ದ. ಹಗಲು ಹಗುರ ಬಟ್ಟೆ. ಈಜುಕೊಳದ ಬಟ್ಟೆಯಲ್ಲಿ ಊಟದ ಹಾಲಿಗೆ ಬರಬಾರದು. ರಾತ್ರಿ ಊಟಕ್ಕೆ ಚಡ್ಡಿ, ಬನಿಯನ್ನು, ಹವಾಯಿ ಚಪ್ಪಲಿ ನಡೆಯುವುದಿಲ್ಲ. ಒಂದು ರಾತ್ರಿ ಎಲ್ಲರೂ ಬಿಳಿ. ಒಂದು ರಾತ್ರಿ ಫಾರ್ಮಲ್. ಕೊನೆಯ ಸಾಲಿನ ಕೆಳಗೆ ಅವನದೇ ಮಾತು: "ಅಪ್ಪನಿಗೆ ಚಿಕ್ಕಮಗಳೂರಲ್ಲಿ ಒಂದು ಸೂಟ್ ಹೊಲಿಸಿಬಿಡಿ ಅಮ್ಮ."

ಹೊಲಿಸಲು ಹೋದದ್ದೂ ಆಯಿತು. ಎಂ.ಜಿ. ರಸ್ತೆಯ ಟೈಲರ್ ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡು ಎದ್ದು ಬಂದಾಗ ಇವರು ಬಟ್ಟೆಯ ಮೇಲೆ ಕೈಯಾಡಿಸಿ, "ಇದನ್ನ ಹಾಕ್ಕೊಂಡು ಆಮೇಲೆ ಎಲ್ಲಿಗೆ ಹೋಗೋದು?" ಎಂದರು. ಟೈಲರ್ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಮನೆಗೆ ಬಂದ ಮೇಲೆ ಅತ್ತೆ ಅಟ್ಟದ ಟ್ರಂಕಿನಿಂದ ಮಾವನ ಕರಿ ಕ್ಲೋಸ್ ಕೋಟನ್ನು ತೆಗೆಸಿದರು. ನುಸಿಗುಳಿಗೆಯ ವಾಸನೆ ಗಪ್ಪೆಂದು ಹೊಡೆಯಿತು. ಕಾಫಿ ಖಾಲಿಯಾದ ಕಣದಲ್ಲಿ ಚಾಪೆ ಹಾಸಿ ಎರಡು ಬಿಸಿಲು ಕಾಣಿಸಿದೆವು. ಕುತ್ತಿಗೆಯವರೆಗೆ ಗುಂಡಿ ಇರುವ, ಒಳಗೆ ಬೂದುಬಣ್ಣದ ಅಸ್ತರಿನ ಕೋಟು. ಮಾವ ಅದನ್ನು ನಮ್ಮ ಮದುವೆಗೆ ಹಾಕಿದ್ದರು, ಕಳಸೇಶ್ವರನ ಗಿರಿಜಾ ಕಲ್ಯಾಣಕ್ಕೆ ಹಾಕುತ್ತಿದ್ದರು, ಬ್ಯಾಂಕಿನಲ್ಲಿ ಸಾಲ ಕೇಳಲು ಹೋಗುವಾಗಲೂ ಹಾಕುತ್ತಿದ್ದರು. ಕೆಳಗೆ ಜರಿಯಂಚಿನ ಪಂಚೆ, ಮೇಲೆ ಈ ಕೋಟು, ಹೆಗಲಿಗೆ ಮಡಿಸಿದ ಶಲ್ಯ. ಹಳೇ ಮೈಸೂರಿನ ಗೌಡರು, ಶಾನುಭೋಗರು, ಮೇಷ್ಟ್ರುಗಳೆಲ್ಲ ಗೌರವದ ಜಾಗಕ್ಕೆ ಹೋಗುತ್ತಿದ್ದ ಉಡುಪು ಇದು. ಮೈಸೂರಿನ ದಸರಾ ದರ್ಬಾರಿಗೂ ಒಂದು ಕಟ್ಟು ಇತ್ತು: ಬಿಳಿ ಷರಾಯಿ, ಕರಿಯ ಉದ್ದ ಕೋಟು, ಪೇಟ, ಹೆಗಲಿಗೆ ಜರಿ ವಲ್ಲಿ. ಫಾರ್ಮಲ್ ಎಂಬುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ರಾತ್ರಿ ಊಟಕ್ಕೆ ಬಟ್ಟೆ ಬದಲಾಯಿಸುವ ಇಂಗ್ಲಿಷರ ಪದ್ಧತಿಯನ್ನು ನಮ್ಮ ಗುಡ್ಡಗಳು ಬಹಳ ಹಿಂದೆಯೇ ನೋಡಿವೆ. ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರ್ ಮಂಜರಾಬಾದ್ ಸೀಮೆಗೆ ಬಂದು ಕಾಫಿ ಹಾಕಿದ್ದು 1856ರಲ್ಲಿ. ತನ್ನ ಅನುಭವವನ್ನು 1871ರಲ್ಲೊಮ್ಮೆ, 1894ರಲ್ಲಿ ಮತ್ತೊಮ್ಮೆ ಪುಸ್ತಕವಾಗಿ ಬರೆದ. ಅವನಂಥವರ ಕಾಲದಲ್ಲಿ ಬೆಳೆದು ನಿಂತವೇ ಸಕಲೇಶಪುರದ ಮಂಜರಾಬಾದ್ ಕ್ಲಬ್, ಚಿಕ್ಕಮಗಳೂರಿನ ಕಡೂರ್ ಕ್ಲಬ್. ಚಿಕ್ಕಮಗಳೂರಿನಲ್ಲಿದ್ದೂ ಕಡೂರ್ ಎಂಬ ಹೆಸರು ಏಕೆಂದರೆ 1947ರ ತನಕ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಹಗಲೆಲ್ಲ ಖಾಕಿ ಚಡ್ಡಿ, ಮೊಣಕಾಲುದ್ದದ ಸ್ಟಾಕಿಂಗ್ಸ್ ಹಾಕಿಕೊಂಡು ಜಿಗಣೆ ಕಚ್ಚಿಸಿಕೊಂಡು ತೋಟ ಸುತ್ತುತ್ತಿದ್ದವರು ಸಂಜೆ ಸ್ನಾನ ಮಾಡಿ ಕರಿಕೋಟು ತೊಟ್ಟು ಮೇಜಿಗೆ ಕೂರುತ್ತಿದ್ದರು. ಹಡಗಿನಲ್ಲೂ ಅದೇ ಶಿಸ್ತು. ಆ ದಿನದ ದಣಿವು, ಕೊಳೆ, ಕೋಪವನ್ನು ಹೊರಗೆ ಬಿಟ್ಟು ಅನ್ನಕ್ಕೆ ಕೂರಬೇಕೆಂಬ ಭಾವ ಅದರಲ್ಲಿತ್ತು. ಅಷ್ಟನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಮೇಜಿನ ಸುತ್ತ ಪಂಚೆ ಉಟ್ಟವನಿಗೆ ಕುರ್ಚಿ ಇರಲಿಲ್ಲ. ಕೋಟಿಗೆ ಇಸ್ತ್ರಿ ಹಾಕಿದವನು, ಸಾರು ಬಡಿಸಿದವನು, ಲಾಂದ್ರ ಹಿಡಿದವನು ನಮ್ಮವನು; ಕೂತು ಉಣ್ಣುವವನು ಮಾತ್ರ ಅವರವನು. ಕರಿಕೋಟಿನ ಕೆಳಗೆ ಸೊಂಟಕ್ಕೆ ಅವರು ಸುತ್ತಿಕೊಳ್ಳುತ್ತಿದ್ದ ರೇಷ್ಮೆಯ ಪಟ್ಟಿ ಹಿಂದೂಸ್ತಾನದ ನಡುಕಟ್ಟಿನಿಂದಲೇ ಹೋದದ್ದು. ನಮ್ಮ ನಡುಕಟ್ಟು ಮೇಜು ಸೇರಿತು, ನಾವು ಸೇರಲಿಲ್ಲ.

ಇವರಿಗೆ ಸೂಟು ಬೇಡ, ಮಾವನ ಕೋಟೇ ಸಾಕು ಎಂದು ತೀರ್ಮಾನಿಸಿದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಇದೇ. ಮಗನಿಗೆ ಹೇಳಿದೆ. ಅವನು ಹಡಗಿನವರನ್ನು ಕೇಳಿ ತಿಳಿಸಿದ: ಆಯಾ ದೇಶದ ಸಾಂಪ್ರದಾಯಿಕ ಉಡುಪು ಫಾರ್ಮಲ್ ರಾತ್ರಿಗೆ ಧಾರಾಳವಾಗಿ ನಡೆಯುತ್ತದೆ. ಬಟ್ಟೆಯ ಕಟ್ಟುಪಾಡಿಗೆ ಹೆಸರಾದ, ಅಟ್ಲಾಂಟಿಕ್ ದಾಟುವ ಕ್ಯೂನಾರ್ಡ್ ಕಂಪೆನಿಯ ದೊಡ್ಡ ಹಡಗುಗಳಲ್ಲೂ ಗಾಲಾ ರಾತ್ರಿಗೆ ಕರಿ ಸೂಟಿನ ಜೊತೆಗೆ ಸ್ಕಾಟ್‌ಲೆಂಡಿನವರ ಕಿಲ್ಟ್, ಬೇರೆ ದೇಶದವರ ಸಾಂಪ್ರದಾಯಿಕ ಉಡುಪು ಒಪ್ಪಿತವೇ. ಹಾಗಿದ್ದರೂ ನಮ್ಮ ಕಡೆಯವರು ಟೈ ಕಟ್ಟಲು ಯೂಟ್ಯೂಬ್ ನೋಡುತ್ತಾರೆಂದರೆ ಕುರ್ಚಿ ಇಲ್ಲದ ಆ ಹಳೆಯ ನೆನಪು ಇನ್ನೂ ಮೈಯೊಳಗಿದೆ ಎಂದೇ ಅರ್ಥ.

ಚಾರ್ಮಾಡಿ ಘಾಟಿ ಇಳಿಯುವ ಮೊದಲು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಂಗಳೂರಿನಲ್ಲಿ ಮತ್ಸ್ಯಗಂಧ ರೈಲು ಹಿಡಿದು ಮುಂಬೈ ಸೇರಿದೆವು. ದಾರಿಯುದ್ದಕ್ಕೂ ನನಗೆ ನೆನಪಾದದ್ದು ನಮಗಿಂತ ಎಷ್ಟೋ ಮೊದಲು ಇದೇ ಘಾಟಿಗಳನ್ನು ಇಳಿದು ಹಡಗು ಹತ್ತಿದ ಕಾಫಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮುಂಚೆ ಈ ಕರಾವಳಿಯ ಕಾಫಿ ಆಫ್ರಿಕವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಸಮುದ್ರದ ಮೇಲಿರುತ್ತಿತ್ತು. ಮರದ ಹಡಗಿನ ಹೊಟ್ಟೆಯಲ್ಲಿ ಉಪ್ಪುಗಾಳಿ, ತೇವ ಕುಡಿದು ಬೀಜ ಉಬ್ಬಿ ಹಳದಿಯಾಗುತ್ತಿತ್ತು. ಯುರೋಪಿನವರು ಅದೇ ರುಚಿಗೆ ಒಗ್ಗಿಹೋದರು. ಹಡಗುಗಳು ವೇಗವಾಗಿ ಕಾಫಿ ಹಸಿರಾಗಿಯೇ ತಲುಪತೊಡಗಿದಾಗ ಹಳೆಯ ರುಚಿಯನ್ನೇ ಬೇಡಿದರು. ಆ ಬೇಡಿಕೆಗಾಗಿ ಇಂದಿಗೂ ಮಂಗಳೂರಿನ ಕಡೆಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರಡಿ ಮಾನ್ಸೂನ್ಡ್ ಮಲಬಾರ್ ಕಾಫಿ ತಯಾರಿಸುತ್ತಾರೆ. ಬೀಜಕ್ಕೆ ಅಷ್ಟು ಗೌರವ ಕೊಟ್ಟ ಸಮುದ್ರ, ಅದನ್ನು ಬೆಳೆದವರನ್ನು ಪ್ರಯಾಣಿಕರೆಂದು ಕರೆಯಲು ಇಷ್ಟು ಕಾಲ ಹಿಡಿಯಿತು.

ಹಡಗಿನ ಕ್ಯಾಬಿನ್ ಚಿಕ್ಕದು. ಬಟ್ಟೆ ತೂಗುಹಾಕುವ ಬೀರು ಇನ್ನೂ ಚಿಕ್ಕದು. ಹೋಗುವವರು ತಿಳಿದಿರಬೇಕಾದ ಮುಖ್ಯ ವಿಷಯ, ಕ್ಯಾಬಿನ್ನಿಗೆ ಇಸ್ತ್ರಿಪೆಟ್ಟಿಗೆ ಒಯ್ಯಲು ಬಿಡುವುದಿಲ್ಲ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯವಿಲ್ಲ, ಆದ್ದರಿಂದ ಈ ನಿಯಮ ಸರಿಯಾದದ್ದೇ. ಲಾಂಡ್ರಿಯವರು ಇಸ್ತ್ರಿ ಹಾಕಿಕೊಡುತ್ತಾರೆ, ದರ ಜಾಸ್ತಿ. ಅದಕ್ಕಾಗಿ ಸುಕ್ಕಾಗದ ಬಟ್ಟೆ ಒಯ್ಯಬೇಕು. ಈ ವಿಷಯದಲ್ಲಿ ಮೈಸೂರು ರೇಷ್ಮೆಗೆ ಸಮನಾದದ್ದು ನಾನು ಕಂಡಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಸೀರೆ. ಅದರ ಕ್ರೇಪ್ ನೂಲಿಗೆ ಹುರಿ ಹೆಚ್ಚಿರುವುದರಿಂದ ಪೆಟ್ಟಿಗೆಯಲ್ಲಿ ಮಡಿಸಿಟ್ಟು ತೆಗೆದು ಕೊಡವಿ ಉಟ್ಟರೆ ಸಾಕು, ನೀರಿನಂತೆ ಇಳಿಯುತ್ತದೆ. ಕಂಚಿ ಸೀರೆ ಭಾರ, ಜಾಗವನ್ನೂ ತಿನ್ನುತ್ತದೆ. ಗಂಜಿ ಹಾಕಿದ ಹತ್ತಿ ಸೀರೆ ಸಮುದ್ರದ ತೇವಕ್ಕೆ ಒಂದೇ ಗಂಟೆಯಲ್ಲಿ ಸೋಲುತ್ತದೆ. ಇನ್ನೊಂದು, ಊಟದ ಹಾಲಿನ ಎ.ಸಿ. ನಮ್ಮ ಡಿಸೆಂಬರ್ ಬೆಳಗಿನಷ್ಟು ತಣ್ಣಗಿರುತ್ತದೆ. ಒಂದು ಶಾಲು ಬೇಕೇಬೇಕು. ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ, ಹಡಗು ಯಾವಾಗ ಸಣ್ಣಗೆ ವಾಲುತ್ತದೋ ಹೇಳಲಾಗದು.

ಮೊದಲ ರಾತ್ರಿ ಸಾಧಾರಣ ಉಡುಪಿನದು. ಇವರು ಪ್ಯಾಂಟು, ತೋಳಿನ ಅಂಗಿ ಹಾಕಿದ್ದರು. ನಮ್ಮ ಮುಂದೆ ನಿಂತಿದ್ದ ಒಬ್ಬ ಯುವಕ ಚಡ್ಡಿಯಲ್ಲಿ ಬಂದಿದ್ದ. ಬಾಗಿಲಲ್ಲಿದ್ದ ಹೆಂಗಸು ಅವನ ಕಿವಿಯ ಹತ್ತಿರ ಬಗ್ಗಿ, ಹಿಂದಿದ್ದವರಿಗೆ ಕೇಳದ ಹಾಗೆ ಏನೋ ಹೇಳಿದಳು. ಅವನು ನಕ್ಕು ಹಿಂದಿರುಗಿದ, ಸ್ವಲ್ಪ ಹೊತ್ತಿನಲ್ಲಿ ಪ್ಯಾಂಟು ಹಾಕಿಕೊಂಡು ಬಂದು ಊಟ ಮಾಡಿದ. ನಿಯಮವನ್ನು ಹೇಳುವ ರೀತಿಯೊಂದಿದೆ. ಆ ಹೆಂಗಸಿನ ಮೆಲುದನಿಯನ್ನು ನಾನು ಮರೆಯುವುದಿಲ್ಲ. ಮೇಲಿನ ಅಂತಸ್ತಿನಲ್ಲಿ ತಟ್ಟೆ ಹಿಡಿದು ಬಡಿಸಿಕೊಳ್ಳುವ ಇನ್ನೊಂದು ಊಟದ ಜಾಗವಿದೆ. ಬಟ್ಟೆಯ ಗೋಜು ಬೇಡವೆನ್ನುವವರು ಅಲ್ಲಿಗೇ ಹೋಗಬಹುದು, ಅನ್ನ-ಸಾರೂ ಸಿಗುತ್ತದೆ.

ಅಂದು ರಾತ್ರಿ ಮಲಗುವ ಮುನ್ನ ಗಾಂಧಿಯವರ ಆತ್ಮಕಥೆಯ ಪುಟಗಳು ನೆನಪಾದವು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕನ್ನಡದಲ್ಲಿ ಶಾಲೆಯ ದಿನಗಳಲ್ಲೇ ಓದಿದ್ದು. 1888ರ ಸೆಪ್ಟೆಂಬರಿನಲ್ಲಿ ಇದೇ ಮುಂಬೈಯಿಂದ ಹಡಗು ಹತ್ತಿದ ಆ ಹುಡುಗನಿಗೆ ಹದಿನೆಂಟು ತುಂಬಿ ಹತ್ತೊಂಬತ್ತಕ್ಕೆ ಕಾಲಿಡುವ ಹೊತ್ತು. ಟೈ ಎಂದರೆ ಹೇಸಿಗೆ, ಗಿಡ್ಡ ಕೋಟು ಎಂದರೆ ನಾಚಿಕೆ. ಚಾಕು-ಫೋರ್ಕು ಹಿಡಿಯಲು ಬಾರದು, ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ಧೈರ್ಯ ಸಾಲದು. ಹಾಗಾಗಿ ಊಟದ ಮೇಜಿಗೇ ಹೋಗದೆ ಊರಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನೇ ಕ್ಯಾಬಿನ್ನಿನಲ್ಲಿ ಕೂತು ತಿಂದ. ಪ್ರಯಾಣವಿಡೀ ಕರಿ ಸೂಟು ಹಾಕಿ, ಬಿಳಿ ಫ್ಲಾನೆಲ್ ಸೂಟನ್ನು ಇಳಿಯುವ ದಿನಕ್ಕೆಂದು ಜೋಪಾನ ಮಾಡಿದ. ಸೆಪ್ಟೆಂಬರ್ ಕೊನೆಯ ಇಂಗ್ಲೆಂಡಿನಲ್ಲಿ ಬಿಳಿ ಬಟ್ಟೆಯವನು ತಾನೊಬ್ಬನೇ ಎಂದು ಇಳಿದ ಮೇಲೆ ಗೊತ್ತಾಯಿತು. ಅದೇ ಮನುಷ್ಯ 1931ರ ಆಗಸ್ಟ್ 29ರಂದು ರಜಪುತಾನಾ ಹಡಗು ಹತ್ತಿದಾಗ ಮೊಣಕಾಲು ಮುಟ್ಟದ ಪಂಚೆ ಉಟ್ಟು, ಶಾಲು ಹೊದ್ದಿದ್ದರು. ಲಂಡನ್ನಿನ ಅರಮನೆಗೂ ಹಾಗೆಯೇ ಹೋದರು. ಈ ಎರಡು ಪ್ರಯಾಣಗಳ ನಡುವೆ ನಲವತ್ತಮೂರು ವರ್ಷ. ಹಡಗಿನ ಊಟಕ್ಕೆ ಏನು ಹಾಕಬೇಕೆಂದು ಚಿಂತಿಸುವ ಪ್ರತಿಯೊಬ್ಬರೂ ಇವೆರಡನ್ನೂ ಒಟ್ಟಿಗೆ ಓದಬೇಕು.

ಹಡಗು ದಕ್ಷಿಣಕ್ಕೆ ಸಾಗುವಾಗ ನಮ್ಮ ಕರಾವಳಿ ಎಡಗಡೆ, ಕಾಣದಷ್ಟು ದೂರದಲ್ಲಿ ಉಳಿಯುತ್ತದೆ. ಕಳಸದ ಪಕ್ಕದ ನಮ್ಮ ಕುದುರೆಮುಖ, 1,894 ಮೀಟರ್ ಎತ್ತರದ ಬೆಟ್ಟ, ಹಿಂದಿನ ನಾವಿಕರಿಗೆ ಸಮುದ್ರದಿಂದ ದಿಕ್ಕು ತೋರುವ ಗುರುತಾಗಿತ್ತು. ಕುದುರೆಯ ಮುಖದ ಆಕಾರ ಚೆನ್ನಾಗಿ ಕಾಣುವುದೇ ಆ ಕಡೆಯಿಂದ. ಇವರು ಡೆಕ್ಕಿನ ಮೇಲೆ ನಿಂತು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ನಾವಿದ್ದ ದಾರಿಯಿಂದ ಏನೂ ಕಾಣಲಿಲ್ಲ.

ಫಾರ್ಮಲ್ ರಾತ್ರಿ ಬಂತು. ಇವರು ಎಂಟು ಮೊಳದ ಪಂಚೆ ತೆಗೆದು, ಕ್ಯಾಬಿನ್ನಿನ ಮಂಚ ಮತ್ತು ಗೋಡೆಯ ನಡುವಿನ ಕಿರುಜಾಗದಲ್ಲಿ ನಿಂತು ಕಚ್ಚೆ ಹಾಕಿದರು. ಮುಂದಿನ ನೆರಿಗೆಯನ್ನು ಬೆರಳಿನ ಮೇಲೆ ಒಂದೊಂದಾಗಿ ಕೂರಿಸಿ ಸೊಂಟಕ್ಕೆ ಸಿಗಿಸಿ, ಹಿಂದಿನ ಸೆರಗನ್ನು ಕಾಲ ನಡುವಿನಿಂದ ಎಳೆದು ಬಿಗಿ ಮಾಡಿದರು. ಡೆಕ್ಕಿನ ಗಾಳಿಗೆ ಸುಮ್ಮನೆ ಸುತ್ತಿದ ಪಂಚೆಗಿಂತ ಕಚ್ಚೆಯೇ ಸೈ. ಮೆಟ್ಟಿಲು ಹತ್ತುವಾಗ ಕಾಲಿಗೂ ತೊಡರುವುದಿಲ್ಲ. ಮಾವನ ಕೋಟು ಭುಜದಲ್ಲಿ ಸ್ವಲ್ಪ ಬಿಗಿಯಿತ್ತು. ಅತ್ತೆ ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತಾ ಹೋದರು. ಕುತ್ತಿಗೆಯ ಗುಂಡಿಗೆ ಬಂದಾಗ ಮಗನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದರು. ಏನೂ ಹೇಳಲಿಲ್ಲ.

ಅತ್ತೆ ಉಟ್ಟದ್ದು ಗೊಬ್ಬೆ ಸೀರೆ. ನಮ್ಮ ಮಲೆನಾಡಿನ ಹಳೆಯ ತಲೆಮಾರಿನ ಗೌಡತಿಯರು ಉಡುತ್ತಿದ್ದ ಬಗೆ. ಸೆರಗನ್ನು ಸುತ್ತಿ ತಂದು ಹೆಗಲ ಬಳಿ ಗಂಟು ಹಾಕುವುದು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವಾಗಲೂ, ಸೊಪ್ಪಿನ ಹೊರೆ ಹೊತ್ತಾಗಲೂ ಜಾರದ ಹಾಗೆ ಕಟ್ಟಿಕೊಂಡ ಸೀರೆ. ಈಗ ಕಾಲೇಜು ಹುಡುಗಿಯರು ಕನ್ನಡ ರಾಜ್ಯೋತ್ಸವದ ಕುಣಿತಕ್ಕೆ ಮಾತ್ರ ಉಡುತ್ತಾರೆ. ಆ ಸಂಜೆ ಡೆಕ್ಕಿನ ಮೇಲೆ ಎಲ್ಲ ಹೆಂಗಸರ ಸೆರಗು, ದುಪಟ್ಟಗಳೂ ಗಾಳಿಗೆ ಹಾರುತ್ತಿದ್ದವು, ನಾನೂ ಎರಡು ಪಿನ್ನು ಸಿಕ್ಕಿಸಿಕೊಂಡಿದ್ದೆ. ಅತ್ತೆಯ ಸೀರೆ ಅಲುಗಲಿಲ್ಲ. ಹಡಗಿಗೆ ಇದಕ್ಕಿಂತ ತಕ್ಕ ಉಡುಗೆಯನ್ನು ಯಾವ ದರ್ಜಿಯೂ ಹೊಲಿಯಲಾರ.

ಬಾಗಿಲಲ್ಲಿ ಅದೇ ಹೆಂಗಸು. ನಮ್ಮ ಮೂವರನ್ನೂ ನೋಡಿ, ಅತ್ತೆಯ ಕೈಹಿಡಿದು ತಾನೇ ಮೇಜಿನವರೆಗೆ ಕರೆದೊಯ್ದಳು. ಸುತ್ತ ಕರಿ ಸೂಟು, ಉದ್ದ ಗೌನು, ಶೇರವಾನಿ, ಲೆಹೆಂಗಾ ಎಲ್ಲವೂ ಇದ್ದವು. ಯಾರೂ ನಮ್ಮನ್ನು ವಿಚಿತ್ರವಾಗಿ ನೋಡಲಿಲ್ಲ. ಬಾಡಿಗೆ ಸೂಟಿನಲ್ಲಿ ಕುತ್ತಿಗೆ ಸಡಿಲಿಸಿಕೊಳ್ಳುತ್ತಿದ್ದ ಪಕ್ಕದ ಮೇಜಿನ ಯಜಮಾನರೊಬ್ಬರು ಎದ್ದುಬಂದು ಕೋಟು ಎಲ್ಲಿ ಹೊಲಿಸಿದಿರೆಂದು ಕೇಳಿದರು. ಇವರು, "ಅಪ್ಪಂದು" ಎಂದರು.

ಬಡಿಸಲು ಬಂದ ಹುಡುಗ ಕರಿ ವೇಸ್ಟ್‌ಕೋಟು, ಬೋ ಟೈ ಹಾಕಿದ್ದ. ನಮ್ಮ ಮಾತು ಅವನ ಕಿವಿಗೆ ಬಿತ್ತು. ತಟ್ಟೆ ಇಡುತ್ತಾ, "ನೀವು ಘಟ್ಟದವರಾ?" ಎಂದ. ಕಾರ್ಕಳದ ಕಡೆಯವನು.

"ಹೌದು ಮಾರಾಯ, ವಸ್ತಾರೆ. ಚಿಕ್ಕಮಗಳೂರು-ಮೂಡಿಗೆರೆ ಮಧ್ಯೆ" ಎಂದರು ಅತ್ತೆ.

"ನಮ್ಮ ಅಜ್ಜಿ ಕಾಫಿ ಕೊಯ್ಲಿಕ್ಕೆ ಘಟ್ಟಕ್ಕೆ ಬರ್ತಿದ್ರು ಅಜ್ಜಿ. ಮೂಡಿಗೆರೆ ಹತ್ರದ ತೋಟಕ್ಕೆ. ಸುಗ್ಗಿ ಮುಗಿದ ಮೇಲೆ ಮೇಸ್ತ್ರಿ ಕರ್ಕೊಂಡು ಬರೋದು, ಮಳೆಗಾಲಕ್ಕೆ ವಾಪಸು."

ಅತ್ತೆ ಚಮಚ ಕೆಳಗಿಟ್ಟರು. ಆ ಅಜ್ಜಿಯ ಹೆಸರು ಕೇಳಿದರು, ಯಾವ ತೋಟ ಎಂದು ಕೇಳಿದರು. ಅವನಿಗೆ ತೋಟದ ಹೆಸರು ಗೊತ್ತಿರಲಿಲ್ಲ. ಆದರೆ ಅಜ್ಜಿ ಹೇಳುತ್ತಿದ್ದ ಚಗಳಿ ಇರುವೆಯ ಕಾಟ, ಕೊರೆಯುವ ಚಳಿ, ಕೆಲಸದವರ ಲೈನ್ ಮನೆಯ ಹೊಗೆ ಎಲ್ಲ ಅವನಿಗೆ ಗೊತ್ತಿತ್ತು. ಆ ಊಟದ ಹಾಲಿನಲ್ಲಿ ನಾನು ಕಂಡಂತೆ ಬೋ ಟೈ ಕಟ್ಟಿದ್ದವರೆಲ್ಲ ಬಡಿಸುವವರೇ. ಕುಳಿತವರಲ್ಲಿ ಯಾರೂ ಇರಲಿಲ್ಲ. ಒಂದು ಕಾಲದಲ್ಲಿ ಯಜಮಾನನ ಗುರುತಾಗಿದ್ದ ಬಟ್ಟೆ ಈಗ ಸೇವಕನ ಸಮವಸ್ತ್ರ. ಬಟ್ಟೆಗೆ ತನ್ನದೇ ಆದ ಮರ್ಯಾದೆ ಇಲ್ಲ, ಹಾಕಿದವನ ಕೈಯಲ್ಲಿ ಅಧಿಕಾರ ಇದ್ದಷ್ಟು ದಿನ ಮಾತ್ರ ಅದಕ್ಕೆ ಮರ್ಯಾದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹುಡುಗ ಆ ರಾತ್ರಿ ಅತ್ತೆಗೆಂದು ಅಡುಗೆಮನೆಯಿಂದ ಗಂಜಿ, ಉಪ್ಪಿನಕಾಯಿ ತಂದುಕೊಟ್ಟ.

ಊಟ ಮುಗಿದ ಮೇಲೆ ಇವರು ಮಾತಿಗೆ ತೆಗೆದದ್ದು ಬೆಂಗಳೂರಿನ ಪ್ರಸಂಗ. 2024ರ ಜುಲೈನಲ್ಲಿ ಹಾವೇರಿ ಕಡೆಯ ವಯಸ್ಸಾದ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಮಾಗಡಿ ರಸ್ತೆಯ ಮಾಲಿಗೆ ಹೋದಾಗ ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಸುದ್ದಿ ಹಬ್ಬಿ ಪ್ರತಿಭಟನೆಯಾಯಿತು, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಸದನದಲ್ಲೇ ಹೇಳಿತು. ಅದಕ್ಕೂ ಹತ್ತು ವರ್ಷ ಮೊದಲು ಚೆನ್ನೈಯಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನೇ ವೇಷ್ಟಿ ಉಟ್ಟಿದ್ದಕ್ಕೆ ಕ್ಲಬ್ಬಿನ ಬಾಗಿಲಲ್ಲಿ ತಡೆದಿದ್ದರು. ಅದೇ ವರ್ಷ, 2014ರಲ್ಲಿ, ತಮಿಳುನಾಡು ವೇಷ್ಟಿ ಉಟ್ಟವರನ್ನು ಸಾರ್ವಜನಿಕ ಜಾಗಗಳಲ್ಲಿ ತಡೆಯಬಾರದೆಂದು ಕಾನೂನನ್ನೇ ಮಾಡಿತು. "ಸಮುದ್ರದ ಮೇಲೆ ಕುರ್ಚಿ ಎಳೆದು ಕೂರಿಸ್ತಾರೆ, ನಮ್ಮ ರಾಜಧಾನೀಲಿ ಬಾಗಿಲಾಚೆ ನಿಲ್ಲಿಸ್ತಾರೆ" ಎಂದು ಇವರು ಕೋಟಿನ ಕುತ್ತಿಗೆಯ ಗುಂಡಿ ಬಿಚ್ಚಿದರು. ಮೃದು ಮನುಷ್ಯ, ಅಂದು ದನಿ ಏರಿತ್ತು.

ಊಟಕ್ಕೂ ಉಡುಪಿಗೂ ಗಂಟು ಹಾಕುವುದು ನಮ್ಮಲ್ಲೂ ಇದೆ. ಕಳಸದಿಂದ ಹೊರನಾಡಿಗೆ ಹೋದರೆ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಗಂಡಸರು ಅಂಗಿ, ಬನಿಯನ್ನು ತೆಗೆದು ಶಲ್ಯ ಹೊದ್ದು ನಿಲ್ಲಬೇಕು. ಹಡಗಿನಲ್ಲಿ ಕೋಟು ಹಾಕು ಎಂದರೆ ಹೊರನಾಡಿನಲ್ಲಿ ಅಂಗಿ ತೆಗೆ ಎನ್ನುತ್ತಾರೆ. ಎರಡೂ ಕಡೆ ಮನುಷ್ಯನಿಗೆ ಹೇಳುವುದು ತಗ್ಗಿ ಬಾ ಎಂದೇ. ಹೊರನಾಡಿನ ದೊಡ್ಡತನ ಇರುವುದು ಮುಂದಿನ ಹೆಜ್ಜೆಯಲ್ಲಿ: ಬಂದವನು ಯಾರೆಂದು ಕೇಳದೆ ಎಲ್ಲರಿಗೂ ಅನ್ನ ಬಡಿಸುತ್ತಾರೆ.

ಆದರೆ ಊಟಕ್ಕೆಂದು ಶೃಂಗಾರವಾಗುವುದರ ಅರ್ಥ ನನಗೆ ತಿಳಿದದ್ದು ನಮ್ಮ ತೋಟದ ಕಣದಲ್ಲಿ. ಕೊಯ್ಲಿನ ತಿಂಗಳುಗಳಲ್ಲಿ ಕೆಲಸದ ಹೆಂಗಸರು ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಟವೆಲು ಬಿಗಿದು, ಸೊಂಟಕ್ಕೆ ಚೀಲ ಕಟ್ಟಿ ಬರುತ್ತಾರೆ. ಚಗಳಿ ಕಚ್ಚುತ್ತದೆ, ಗಿಡದ ಕೊಂಬೆ ತಾಗಿ ಕೈ ಗೀರುತ್ತದೆ, ಹಣ್ಣಿನ ಅಂಟಿಗೆ ಬೆರಳು ಕಪ್ಪಾಗುತ್ತದೆ. ಈಚೆಗೆ ಅಸ್ಸಾಮಿನಿಂದ ಬಂದವರೂ ಜೊತೆಗಿರುತ್ತಾರೆ. ಕೊಯ್ಲು ಮುಗಿದ ದಿನ ನಾವು ಬಾಡೂಟ ಹಾಕಿಸುತ್ತೇವೆ. ಮಧ್ಯಾಹ್ನದವರೆಗೆ ಅದೇ ಅಂಗಿಯಲ್ಲಿ ಕಣ ಗುಡಿಸಿದವರು ಲೈನಿಗೆ ಹೋಗಿ, ಸಂಜೆ ಮಿಂದು, ಪೆಟ್ಟಿಗೆಯ ತಳದ ಸೀರೆ ಉಟ್ಟು, ಹೂ ಮುಡಿದು, ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಕರೆದುಕೊಂಡು ಬರುತ್ತಾರೆ. ಯಾವ ಪಟ್ಟಿಯನ್ನೂ ಅವರಿಗೆ ಯಾರೂ ಕಳಿಸಿರುವುದಿಲ್ಲ. ಬಾಳೆಲೆಯ ಮುಂದೆ ಕೂತ ಆ ಸಾಲಿನಲ್ಲಿ ಯಾರು ಎಷ್ಟು ಕೆ.ಜಿ. ಕೊಯ್ದರು ಎಂಬ ಲೆಕ್ಕ ಅಂದು ಇರುವುದಿಲ್ಲ. ದುಡಿಮೆಯ ಬಟ್ಟೆ ಕಳಚಿಟ್ಟು, ಮನುಷ್ಯರಾಗಿ ಕೂತು ಉಣ್ಣುವ ಹಕ್ಕನ್ನು ಅವರು ಉಟ್ಟುಕೊಂಡು ಬಂದಿರುತ್ತಾರೆ. ಹಡಗಿನ ಗಾಜಿನ ದೀಪಗಳ ಕೆಳಗೆ ಕೂತಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಸಾಲು.

ಲಕ್ಷದ್ವೀಪದ ನೀರಿನ ಬಣ್ಣವನ್ನು ನನಗಿಂತ ಚೆನ್ನಾಗಿ ಬರೆದವರಿದ್ದಾರೆ, ಅದನ್ನು ಅವರಿಗೇ ಬಿಡುತ್ತೇನೆ. ಹಿಂದಿರುಗುವಾಗ ಗೋವಾದ ಹತ್ತಿರ ಫೋನಿಗೆ ಸಿಗ್ನಲ್ ಸಿಕ್ಕಿತು. ಮೊದಲು ಬಂದ ಕರೆ ಮೇಸ್ತ್ರಿಯದು: "ನಿನ್ನೆ ಸಂಜೆ ಎಂಬತ್ತು ಸೆಂಟು ಬಿತ್ತು ಅಕ್ಕ." ಒಂದು ಇಂಚಿಗೆ ಇಪ್ಪತ್ತು ಸೆಂಟು ಕಡಿಮೆ. ಹೂವಿಗೆ ಸಾಲುವಷ್ಟು ಮಳೆ, ನಾವು ಎಣಿಸಿದ್ದಕ್ಕಿಂತ ಬೇಗ. ಇವರ ಮುಖ ಅರಳಿತು. ಉಳಿದ ದಾರಿಯೆಲ್ಲ ಮಾತು ತೋಟದ್ದೇ.

ಈಗ ನನ್ನನ್ನು ಕೇಳುವವರಿಗೆ ಹೇಳುವುದಿಷ್ಟು. ಸೂಟು ಹೊಲಿಸಬೇಡಿ. ಆ ದುಡ್ಡಿಗೆ ಒಳ್ಳೆಯ ಎಂಟು ಮೊಳದ ಪಂಚೆ, ಒಂದು ಮೈಸೂರು ರೇಷ್ಮೆ ಬರುತ್ತದೆ, ಮುಂದೆ ಹತ್ತು ಮದುವೆಗೆ ಆಗುತ್ತದೆ. ಮನೆಯಲ್ಲಿ ಹಿರಿಯರ ಕ್ಲೋಸ್ ಕೋಟಿದ್ದರೆ ಹೊರತೆಗೆದು ಬಿಸಿಲಿಗೆ ಹಾಕಿ. ಪಂಚೆ ಕಚ್ಚೆ ಹಾಕಿ ಉಡಿ, ಶಾಲು ಮರೆಯಬೇಡಿ, ಕಾಲಿಗೆ ಚರ್ಮದ ಚಪ್ಪಲಿಯೋ ಬೂಟೋ ಇರಲಿ. ಹೊರಡುವ ಮುಂಚೆ ನಿಮ್ಮ ಹಡಗಿನ ನಿಯಮವೇನೆಂದು ಕೇಳಿಕೊಳ್ಳಿ, ಹಡಗಿನಿಂದ ಹಡಗಿಗೆ ಅದು ಬೇರೆಯಿರುತ್ತದೆ. ಬಡಿಸುವ ಹುಡುಗನ ಊರು ಯಾವುದೆಂದು ಕೇಳಿ, ಕರಾವಳಿಯವನಾಗಿರುವ ಸಾಧ್ಯತೆ ಬಹಳ. ಇನ್ನು ನಮ್ಮ ನಾಡಿನಲ್ಲಿ ಕ್ಲಬ್ಬು, ಹೋಟೆಲು, ಮಾಲು ನಡೆಸುವವರಲ್ಲಿ ಒಂದು ಕೇಳಿಕೆ: ಬಾಗಿಲಲ್ಲಿ ನಿಲ್ಲಿಸುವ ನಿಮ್ಮ ಸಿಬ್ಬಂದಿಗೆ ಪಂಚೆ-ಶಲ್ಯ, ಗೊಬ್ಬೆ ಸೀರೆ, ಇಳಕಲ್ ಸೀರೆ, ಕಂಬಳಿ ಯಾವುದೆಂದು ಮೊದಲು ತೋರಿಸಿಕೊಡಿ, ಅವನ್ನು ಉಟ್ಟು ಬಂದವರನ್ನು ಒಳಗೆ ಕರೆದು ಕೂರಿಸಬೇಕೆಂದು ನಿಮ್ಮ ನಿಯಮದ ಫಲಕದಲ್ಲಿ ಕನ್ನಡದಲ್ಲೇ ಬರೆಸಿ.